ಒಂದೇ ಚರ್ಚು, ಮೂರು ಸಲ

ನಮ್ಮ ತಲೆಮಾರಿನವರು ಎಲ್ಲಿಗೆ ಎಂದು ಗೊತ್ತಿಲ್ಲದೆ ರೈಲು ಹತ್ತಿದವರಲ್ಲ. ರೈಲು ಎಂದರೆ ಮದುವೆ, ಗೃಹಪ್ರವೇಶ, ಬಾಣಂತನ, ತಿಥಿ. ಇಲ್ಲದಿದ್ದರೆ ವರ್ಗಾವಣೆ. ತಿಂಗಳು ಮೊದಲೇ ಟಿಕೆಟ್ ಮಾಡಿಸಬೇಕು, ಹಿಂದಿನ ರಾತ್ರಿಯೇ ಬುತ್ತಿ ಕಟ್ಟಬೇಕು, ರೈಲು ಬರುವುದಕ್ಕೆ ಒಂದು ಗಂಟೆ ಮೊದಲೇ ಪ್ಲಾಟ್‌ಫಾರಂ ಮೇಲೆ ಟ್ರಂಕು ಇಟ್ಟು ಅದರ ಮೇಲೆ ಕೂತಿರಬೇಕು. ‘ಸುಮ್ಮನೆ ರೈಲಲ್ಲಿ ಹೋಗಿಬಂದೆವು’ ಎಂದರೆ ಮನೆಯ ಹಿರಿಯರು ಹುಬ್ಬೇರಿಸುತ್ತಿದ್ದರು. ‘ಸುಮ್ಮನೆ ಅಂದರೇನು? ಮಾಡೋಕೆ ಬೇರೆ ಕೆಲಸ ಇಲ್ಲವೇ?’

ಹಾಗೆ ಸುಮ್ಮನೆ ಹೋಗಿಬಂದ ಒಂದು ದಿನದ ಕಥೆ ಇದು. ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಹೋದವರು ನಾನು ಮತ್ತು ನನ್ನ ಹೆಂಡತಿ. ನನಗೆ ಎಪ್ಪತ್ತನಾಲ್ಕು, ಅವಳಿಗೆ ಅರವತ್ತೊಂಬತ್ತು.

ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ‘ನಮ್ಮ ರಜೆಗೆ ಕಾಯಬೇಡಿ, ನೀವಿಬ್ಬರೇ ಎಂಟು ದಿನ ಸ್ವಿಟ್ಜರ್ಲೆಂಡ್ ಸುತ್ತಿ ಬನ್ನಿ’ ಎಂದಳು ಮಗಳು. ಸೂಟ್‌ಕೇಸು ಬೇಡ, ಮೆಟ್ಟಿಲು ಹತ್ತಿ ಇಳಿಯುವಾಗ ಕಷ್ಟ ಎಂದು ಅಳಿಯ ತನ್ನ ಬೆನ್ನಚೀಲವನ್ನು ನನಗೆ ಕೊಟ್ಟ. ಹೆಂಡತಿಗೆ ಸಿಕ್ಕಿದ್ದು ಮೊಮ್ಮಗನ ಹಳೆಯ ಸ್ಕೂಲ್ ಬ್ಯಾಗು. ಅದರ ಮೇಲೆ ದೊಡ್ಡದೊಂದು ಡೈನೋಸಾರ್ ಚಿತ್ರ. ‘ಅಜ್ಜಿ, ಅದು ಕಚ್ಚಲ್ಲ’ ಎಂದು ಮೊಮ್ಮಗ ಧೈರ್ಯ ಹೇಳಿ ಕಳಿಸಿದ. ಒಳಗೆ ಎರಡೆರಡು ಜೊತೆ ಬಟ್ಟೆ, ಮಾತ್ರೆಗಳು, ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ಚಕ್ಕುಲಿ. ಉಳಿದುಕೊಳ್ಳಲು ಯೂತ್ ಹಾಸ್ಟೆಲ್. ಹೆಸರು ಯೂತ್ ಎಂದಿದ್ದರೂ ಮುದುಕರನ್ನೂ ಸೇರಿಸಿಕೊಳ್ಳುತ್ತಾರೆ!

ಆ ದೇಶದಲ್ಲಿ ಪ್ರವಾಸಿಗರಿಗೆ ಒಂದು ಪಾಸು ಕೊಡುತ್ತಾರೆ. ಮೂರು, ನಾಲ್ಕು, ಆರು, ಎಂಟು ಅಥವಾ ಹದಿನೈದು ದಿನದ್ದು. ಅದಿದ್ದರೆ ರೈಲು, ಬಸ್ಸು, ಸರೋವರದ ದೋಣಿ, ಹೆಚ್ಚುಕಡಿಮೆ ಎಲ್ಲವನ್ನೂ ಹತ್ತಬಹುದು. ಕೆಲವು ಎತ್ತರದ ಬೆಟ್ಟದ ರೈಲುಗಳಿಗೆ ಮಾತ್ರ ಬೇರೆ ದುಡ್ಡು. ಪಾಸಿನ ಬೆಲೆ ನೋಡಿ ನನ್ನ ಬ್ಯಾಂಕಿನ ತಲೆ ಕೂಡಲೇ ಗುಣಾಕಾರ, ಭಾಗಾಕಾರ ಶುರುಮಾಡಿತು. ಅವಳು ಮಾತ್ರ ಪಾಸನ್ನು ಬೆರಳಲ್ಲಿ ಸವರಿ, ‘ಅಪ್ಪನ ಪಾಸು’ ಎಂದಳು.

ಅವಳ ತಂದೆ ಅರಸೀಕೆರೆಯ ಕಡೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮಕ್ಕಳೇ, ನಿಮಗೆ ಆ ಪದ ಗೊತ್ತಿರಲಿಕ್ಕಿಲ್ಲ. ಹಳಿಯ ಪಕ್ಕದಲ್ಲೇ ಮೈಲಿಗಟ್ಟಲೆ ನಡೆದು, ಸಡಿಲವಾದ ಬೋಲ್ಟು ಬಿಗಿದು, ಸರಿದ ಜಲ್ಲಿಯನ್ನು ಮತ್ತೆ ತುಂಬಿ, ಮಳೆಗಾಲದ ರಾತ್ರಿಯಲ್ಲಿ ಲಾಟೀನು ಹಿಡಿದು ಹಳಿ ಕಾಯುವವರು ಗ್ಯಾಂಗ್‌ಮನ್‌ಗಳು. ರೈಲ್ವೆ ನೌಕರರ ಮನೆಯವರಿಗೆ ಉಚಿತ ಪಾಸು ಸಿಗುತ್ತಿತ್ತು. ಆದರೆ ಮಾವನವರಿಗೆ ಪಾಸು ಇದ್ದಾಗ ರಜೆ ಕೂಡಿಬರುತ್ತಿರಲಿಲ್ಲ, ರಜೆ ಇದ್ದಾಗ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಹಳಿ ನೋಡಿಕೊಂಡೇ ಬದುಕಿದವರು ರೈಲಿನ ಕಿಟಕಿ ಪಕ್ಕ ಕೂತದ್ದು ಬಹಳ ಕಡಿಮೆ. ‘ಪಾಸು ಗೋಡೆಯ ಮೊಳೆಯಲ್ಲೇ ಹಳತಾಗುತ್ತಿತ್ತು’ ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ.

ಆದ್ದರಿಂದ ಐದನೆಯ ದಿನ ಬೆಳಿಗ್ಗೆ ಲುಸರ್ನ್ ಎಂಬ ಊರಿನ ಹಾಸ್ಟೆಲಿನಲ್ಲಿ ನಾನು ನಕ್ಷೆ ಬಿಡಿಸಿ ಕೂತಾಗ ಅವಳು ಅದನ್ನು ಮಡಚಿ ಇಟ್ಟುಬಿಟ್ಟಳು.

‘ರೀ, ಇವತ್ತು ಪ್ಲಾನು ಬೇಡ. ಸ್ಟೇಷನ್ನಿಗೆ ಹೋಗೋಣ. ಯಾವ ರೈಲು ಚೆನ್ನಾಗಿ ಕಾಣುತ್ತೋ ಅದನ್ನು ಹತ್ತೋಣ. ಎಲ್ಲಿ ಇಳೀಬೇಕು ಅನಿಸುತ್ತೋ ಅಲ್ಲಿ ಇಳಿಯೋಣ.’

‘ರಾತ್ರಿ ವಾಪಸು ಬರೋದು ಹೇಗೆ?’

‘ರೈಲಲ್ಲೇ.’

ಒಂದೂವರೆ ಸೆಕೆಂಡು ಕಾಯುವ ಗಡಿಯಾರ

ಲುಸರ್ನ್ ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗಡಿಯಾರ. ಬಿಳಿ ಮುಖ, ಕಪ್ಪು ಗೆರೆಗಳು, ಅಂಕಿಗಳೇ ಇಲ್ಲ. ಸೆಕೆಂಡಿನ ಮುಳ್ಳು ಮಾತ್ರ ಕೆಂಪು, ಅದರ ತುದಿಯಲ್ಲಿ ದುಂಡನೆಯ ತಟ್ಟೆ. ರೈಲು ಬಿಡಲು ಸಿಬ್ಬಂದಿ ಎತ್ತಿ ತೋರಿಸುತ್ತಿದ್ದ ಕೆಂಪು ತಟ್ಟೆಯ ಹಾಗೆಯೇ. ಹಾನ್ಸ್ ಹಿಲ್‌ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ಈ ಗಡಿಯಾರವನ್ನು ರೂಪಿಸಿದರು. ಕೆಂಪು ಮುಳ್ಳು ಸೇರಿದ್ದು 1953ರಲ್ಲಿ.

ಇದರದ್ದೊಂದು ತಮಾಷೆ ಇದೆ. ಕೆಂಪು ಮುಳ್ಳು ಒಂದು ಸುತ್ತನ್ನು ಅರವತ್ತು ಸೆಕೆಂಡಿನಲ್ಲಿ ಅಲ್ಲ, ಐವತ್ತೆಂಟೂವರೆ ಸೆಕೆಂಡಿನಲ್ಲಿ ಮುಗಿಸುತ್ತದೆ. ಆಮೇಲೆ ನೆತ್ತಿಯ ಮೇಲೆ ಬಂದು ಸುಮ್ಮನೆ ನಿಲ್ಲುತ್ತದೆ. ಮುಖ್ಯ ಗಡಿಯಾರದಿಂದ ‘ನಿಮಿಷವಾಯಿತು’ ಎಂಬ ವಿದ್ಯುತ್ ಸೂಚನೆ ಬಂದ ಕೂಡಲೇ ನಿಮಿಷದ ಮುಳ್ಳು ಟಕ್ಕನೆ ಮುಂದೆ ಜಿಗಿಯುತ್ತದೆ, ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ದೇಶದ ನಿಲ್ದಾಣಗಳೆಲ್ಲ ಒಂದೇ ನಿಮಿಷವನ್ನು ತೋರಿಸಲಿ ಎಂದು ಮಾಡಿದ ಉಪಾಯ ಇದು. ನನ್ನ ಹೆಂಡತಿ ಐದು ನಿಮಿಷ ಅದನ್ನೇ ನೋಡುತ್ತ ನಿಂತಳು. ‘ಉಸಿರು ಬಿಟ್ಟು ಹೊರಡುತ್ತೆ ನೋಡಿ’ ಎಂದಳು.

ಪಕ್ಕದಲ್ಲಿ ರೈಲುಗಳ ದೊಡ್ಡ ಫಲಕ. ಅಲ್ಲಿಯ ವೇಳಾಪಟ್ಟಿಯ ಗುಟ್ಟನ್ನೂ ಹೇಳಬೇಕು. 1982ರಿಂದ ಅಲ್ಲಿ ಒಂದು ಪದ್ಧತಿ ಇದೆ. ಒಂದು ಊರಿನಿಂದ ಎಂಟು ಗಂಟೆ ಹದಿನೆಂಟು ನಿಮಿಷಕ್ಕೆ ರೈಲು ಹೊರಟಿತು ಅಂದುಕೊಳ್ಳಿ. ಮುಂದಿನದು ಒಂಬತ್ತು ಹದಿನೆಂಟಕ್ಕೆ, ಆಮೇಲೆ ಹತ್ತು ಹದಿನೆಂಟಕ್ಕೆ. ಗಂಟೆ ಬದಲಾಗುತ್ತದೆ, ನಿಮಿಷ ಬದಲಾಗುವುದಿಲ್ಲ. ಜಂಕ್ಷನ್ನುಗಳಿಗೆ ನಾಲ್ಕೂ ಕಡೆಯ ರೈಲುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಸೇರುತ್ತವೆ. ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಿದರಾಯಿತು. ಬೆಟ್ಟದ ಬಸ್ಸೂ ರೈಲಿನ ಹೊತ್ತಿಗೆ ಸರಿಯಾಗಿ ನಿಂತಿರುತ್ತದೆ. ನಾವು ಪ್ಲಾನು ಇಲ್ಲದೆ ಹೊರಟದ್ದು ನಿಜ. ಆದರೆ ಪ್ಲಾನು ಇಲ್ಲದೆ ಹೊರಟವರು ದಾರಿಯಲ್ಲಿ ಸಿಕ್ಕಿಬೀಳದಿರಲಿ ಎಂದು ಬೇರೆ ಯಾರೋ ಎಷ್ಟೊಂದು ಪ್ಲಾನು ಮಾಡಿಟ್ಟಿದ್ದಾರೆ ಎಂಬುದು ಆ ಫಲಕದ ಮುಂದೆ ನಿಂತಾಗ ಅರ್ಥವಾಯಿತು.

‘ಲೊಕಾರ್ನೊ’ ಎಂಬ ಹೆಸರು ಓದಿ, ‘ಹೆಸರು ಚೆನ್ನಾಗಿದೆ, ಇದೇ ಇರಲಿ’ ಎಂದಳು. ತಾಮ್ರದ ಬಣ್ಣದ ರೈಲು. ಹತ್ತಿದೆವು.

ಮೇಲೆ, ಎದುರಿಗೆ, ಕೆಳಗೆ

ಲುಸರ್ನ್ ಬಿಟ್ಟ ರೈಲು ಬೆಟ್ಟದ ಬುಡಕ್ಕೂ ಸರೋವರಕ್ಕೂ ನಡುವೆ ನುಸುಳಿಕೊಂಡು ಹೋಗುತ್ತದೆ. ನೀರು ಹಸಿರು, ಆಚೆ ದಡದ ಬೆಟ್ಟ ನೀಲಿ. ಸರೋವರ ಮುಗಿದ ಮೇಲೆ ಆಲ್ಟ್‌ಡಾರ್ಫ್ ಎಂಬ ಊರು. ಮಗನ ತಲೆಯ ಮೇಲೆ ಸೇಬು ಇಟ್ಟು ಬಾಣ ಬಿಟ್ಟ ವಿಲಿಯಂ ಟೆಲ್‌ನ ಕಥೆ ಶಾಲೆಯಲ್ಲಿ ಓದಿದ್ದೀರಲ್ಲ, ಆ ಕಥೆ ನಡೆಯುವುದು ಇದೇ ಊರಿನಲ್ಲಿ. ಊರಿನ ನಡುವೆ ಅವನದೂ ಅವನ ಮಗನದೂ ಪ್ರತಿಮೆ ಇದೆ. ಅಲ್ಲಿಂದ ಮುಂದೆ ಎರ್ಸ್ಟ್‌ಫೆಲ್ಡ್. ಕಣಿವೆ ಕಿರಿದಾಗುತ್ತದೆ, ಘಟ್ಟ ಶುರು. ಸಕಲೇಶಪುರ ಬಿಟ್ಟ ರೈಲು ಸುಬ್ರಹ್ಮಣ್ಯದ ಕಡೆಗೆ ಇಳಿಯುವುದನ್ನು ನೋಡಿದ್ದರೆ ನಿಮಗೆ ಅಂದಾಜಾಗುತ್ತದೆ. ಇಲ್ಲಿ ಇಳಿಯುವುದಲ್ಲ, ಏರುವುದು.

ಎದುರಿನ ಸೀಟಿನಲ್ಲಿ ಒಬ್ಬ ಅಜ್ಜಿ ಮತ್ತು ಆರೇಳು ವರ್ಷದ ಹುಡುಗ ಕೂತಿದ್ದರು. ಹುಡುಗನ ಕಣ್ಣು ನನ್ನ ಹೆಂಡತಿಯ ಡೈನೋಸಾರ್ ಬ್ಯಾಗಿನ ಮೇಲೆ. ಅವಳು ಚಕ್ಕುಲಿ ಡಬ್ಬಿ ತೆಗೆದಳು. ಆ ಅಜ್ಜಿಗೆ ಇಂಗ್ಲಿಷ್ ಬಾರದು, ನನ್ನವಳಿಗೆ ಜರ್ಮನ್ ಬಾರದು. ಚಕ್ಕುಲಿಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಒಂದು ತಿಂದ ಮೇಲೆ ಹುಡುಗ ಕಿಟಕಿಗೆ ಮೂಗು ಒತ್ತಿ, ಮೂರು ಬೆರಳು ತೋರಿಸಿ, ಹೊರಗೆ ನೋಡಿ ಎಂದು ಸನ್ನೆ ಮಾಡಿದ.

ನೋಡಿದೆವು. ಮೇಲೆ, ಬಹಳ ಎತ್ತರದಲ್ಲಿ, ಗುಡ್ಡದ ದಿಬ್ಬವೊಂದರ ಮೇಲೆ ಪುಟ್ಟ ಬಿಳಿಯ ಚರ್ಚು. ‘ಐನ್ಸ್’ ಎಂದ ಹುಡುಗ. ಒಂದು ಎಂದು ಅರ್ಥ. ರೈಲು ಸುರಂಗಕ್ಕೆ ನುಗ್ಗಿತು. ಕತ್ತಲೆ. ಹೊರಗೆ ಬಂದು, ಮತ್ತೊಂದು ಸುರಂಗ, ಮತ್ತೆ ಬೆಳಕು. ಈಗ ಅದೇ ಚರ್ಚು ಹೆಚ್ಚುಕಡಿಮೆ ನಮ್ಮ ಎದುರಿಗೇ ಇದೆ. ‘ಜ್ವೈ.’ ಇನ್ನೊಂದು ಸುರಂಗ ದಾಟಿ ಬಂದರೆ ಚರ್ಚು ಕೆಳಗೆ, ಆಟಿಕೆಯ ಹಾಗೆ ಕಾಣುತ್ತಿದೆ. ‘ದ್ರೈ!’ ಎಂದು ಹುಡುಗ ಚಪ್ಪಾಳೆ ತಟ್ಟಿದ. ನನ್ನ ಹೆಂಡತಿ ‘ಮೂರು!’ ಎಂದಳು.

ಇದು ವಾಸೆನ್ ಎಂಬ ಹಳ್ಳಿಯ ಚರ್ಚು. ಜಾಗ ಬದಲಿಸಿದ್ದು ಚರ್ಚಲ್ಲ, ನಾವು. ಇದರ ಲೆಕ್ಕ ಕೇಳಿ. ಎರ್ಸ್ಟ್‌ಫೆಲ್ಡ್‌ನಿಂದ ಗೋಶೆನೆನ್ ನಿಲ್ದಾಣಕ್ಕೆ ಸುಮಾರು 630 ಮೀಟರ್ ಏರಬೇಕು. ರೈಲಿನ ಚಕ್ರವೂ ಕಬ್ಬಿಣ, ಹಳಿಯೂ ಕಬ್ಬಿಣ. ಹೆಚ್ಚು ಕಡಿದಾದ ಏರು ಇದ್ದರೆ ಚಕ್ರ ಜಾರುತ್ತದೆ. ಆದ್ದರಿಂದ ಎಂಜಿನಿಯರುಗಳು ದಾರಿಯನ್ನೇ ಉದ್ದ ಮಾಡಿದರು. ಬೆಟ್ಟದೊಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತು ಹಾಕಿಸಿ, ಹೊರಗೆ ತಂದು, ಹಿಂದೆ ತಿರುಗಿಸಿ, ಮತ್ತೆ ಮುಂದೆ ತಿರುಗಿಸಿ ಮೇಲಕ್ಕೆ ಒಯ್ದರು. ತಿರುಪತಿ ಬೆಟ್ಟದ ರಸ್ತೆ ಬಳಸಿ ಬಳಸಿ ಹತ್ತುತ್ತದಲ್ಲ, ಹಾಗೆಯೇ. ಇಲ್ಲಿ ಮಾತ್ರ ತಿರುವುಗಳೆಲ್ಲ ಬಂಡೆಯ ಹೊಟ್ಟೆಯೊಳಗೆ.

ಮೋಸಹೋದ ಸೈತಾನ

ಗೋಶೆನೆನ್ ನಿಲ್ದಾಣದಲ್ಲಿ ಪಕ್ಕದಲ್ಲೇ ಕೆಂಪು ಬಣ್ಣದ ಇನ್ನೊಂದು ಪುಟ್ಟ ರೈಲು ನಿಂತಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಚೀಲ ಎತ್ತಿಕೊಂಡೆ. ಹುಡುಗನಿಗೆ ಉಳಿದ ಚಕ್ಕುಲಿ ಕೊಟ್ಟು ಇಳಿದುಬಿಟ್ಟೆವು.

ಆ ಪುಟ್ಟ ರೈಲು ಆಂಡರ್‌ಮಾಟ್ ಎಂಬ ಊರಿಗೆ ಹೋಗುತ್ತದೆ. ಊಟಿಯ ರೈಲಿನ ಹಾಗೆ ಇದಕ್ಕೂ ಹಳಿಗಳ ನಡುವೆ ಹಲ್ಲುಹಲ್ಲಾದ ಪಟ್ಟಿ ಇದೆ. ರೈಲಿನ ಅಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಊಟಿಯ ದಾರಿಯಲ್ಲಿ ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಏರು. ಇಲ್ಲಿ ಕಡಿದಾದ ಕಡೆ ಆರಡಿಯೂ ಬೇಡ. ಕಾಲು ಗಂಟೆಯಲ್ಲಿ ಮೇಲೆ ತಲುಪಿದೆವು. ಅಲ್ಲಿಂದ ನಿಧಾನವಾಗಿ ಇಳಿಜಾರಿನಲ್ಲಿ ನಡೆದು ಶೋಲೆನೆನ್ ಎಂಬ ಕಮರಿಗೆ ಬಂದೆವು. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಭೋರ್ಗರೆಯುವ ರಾಯ್ಸ್ ನದಿ. ನದಿಯ ಮೇಲಿನ ಕಲ್ಲಿನ ಸೇತುವೆಗೆ ‘ಸೈತಾನನ ಸೇತುವೆ’ ಎಂದು ಹೆಸರು.

ಅದರ ಕಥೆ ಹೀಗಿದೆ. ಹಿಂದೆ ಈ ಕಮರಿಯ ಮೇಲೆ ಸೇತುವೆ ಕಟ್ಟಲು ಯಾರಿಂದಲೂ ಆಗಲಿಲ್ಲವಂತೆ. ಬೇಸತ್ತ ಜನ ‘ಆ ಸೈತಾನನೇ ಬಂದು ಕಟ್ಟಲಿ’ ಎಂದರಂತೆ. ಸೈತಾನ ನಿಜವಾಗಿಯೂ ಬಂದ. ‘ಕಟ್ಟುತ್ತೇನೆ. ಆದರೆ ಮೊದಲು ಸೇತುವೆ ದಾಟುವ ಜೀವ ನನ್ನದು’ ಎಂದ. ಸೇತುವೆ ಎದ್ದಿತು. ಮೊದಲು ದಾಟುವವರು ಯಾರು? ಊರಿನವರು ಒಂದು ಆಡನ್ನು ಅಟ್ಟಿಬಿಟ್ಟರು! ಸೈತಾನನಿಗೆ ಬಂತು ಕೋಪ. ಸೇತುವೆಯನ್ನು ಒಡೆಯಲು ದೊಡ್ಡ ಬಂಡೆ ಹೊತ್ತು ತಂದ. ದಾರಿಯಲ್ಲಿ ಸುಸ್ತಾಗಿ ಇಳಿಸಿದಾಗ ಒಬ್ಬ ಮುದುಕಿ ಬಂಡೆಯ ಮೇಲೆ ಶಿಲುಬೆಯ ಗುರುತು ಗೀಚಿದಳು. ಆಮೇಲೆ ಅವನಿಂದ ಅದನ್ನು ಎತ್ತಲಾಗಲಿಲ್ಲ.

ಆ ಬಂಡೆ ಎನ್ನುವುದು ಇವತ್ತಿಗೂ ಗೋಶೆನೆನ್‌ನಲ್ಲಿ ಇದೆ. ಸುಮಾರು 220 ಟನ್ ತೂಕ. 1970ರ ದಶಕದಲ್ಲಿ ಹೆದ್ದಾರಿ ಮಾಡುವಾಗ ಅದು ಅಡ್ಡ ಬಂತು. ಒಡೆದುಹಾಕಲು ಜನ ಬಿಡಲಿಲ್ಲ. ನೂರು ಮೀಟರಿಗಿಂತ ಹೆಚ್ಚು ದೂರ ಸರಿಸಿ ಇಟ್ಟರು. ಸೈತಾನನಿಗೆ ಆಗದ್ದನ್ನು ಯಂತ್ರಗಳು ಮಾಡಿದವು.

ಸೇತುವೆಯ ಬಳಿ ಕೂತು ಅವಲಕ್ಕಿ ತಿಂದೆವು. ‘ಕಥೆಯಲ್ಲಿ ಸೈತಾನ ಕಟ್ಟಿದ ಅಂತಾರೆ. ನಿಜವಾಗಿ ಕಟ್ಟಿದವರು ಯಾರೋ’ ಎಂದಳು ಅವಳು. ಆ ಪ್ರಶ್ನೆಗೆ ಮಧ್ಯಾಹ್ನ ಬೇರೊಂದು ಕಡೆ ಉತ್ತರದಂಥದ್ದು ಸಿಕ್ಕಿತು.

ಐರೋಲೊದಲ್ಲಿ ಕಂಡದ್ದು

ಗೋಶೆನೆನ್‌ಗೆ ವಾಪಸು ಬಂದು ಮುಂದಿನ ರೈಲು ಹತ್ತಿದ ಕೂಡಲೇ ಗೊಟ್ಟಾರ್ಡ್ ಸುರಂಗ. ಉದ್ದ 15 ಕಿಲೋಮೀಟರ್. ಒಳಗೆ ಹೋದಾಗ ರೈಲಿನಲ್ಲಿ ಜರ್ಮನ್ ಮಾತು. ಹತ್ತು ನಿಮಿಷದೊಳಗೆ ಹೊರಗೆ ಬಂದಾಗ ನಿಲ್ದಾಣದ ಫಲಕಗಳೆಲ್ಲ ಇಟಾಲಿಯನ್. ದೇಶ ಅದೇ. ಸಕಲೇಶಪುರದಲ್ಲಿ ಕನ್ನಡ ಕೇಳುತ್ತ ಹೊರಟವರಿಗೆ ಘಟ್ಟ ಇಳಿದ ಮೇಲೆ ತುಳು ಕೇಳಿಸುವುದಿಲ್ಲವೇ, ಹಾಗೆ. ನೀರೂ ಹಾಗೆಯೇ ಬೇರೆಯಾಗುತ್ತದೆ. ಉತ್ತರದ ರಾಯ್ಸ್ ನದಿಯ ನೀರು ಕೊನೆಗೆ ರೈನ್ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಈ ಕಡೆಯ ಟಿಚಿನೊ ನದಿಯ ನೀರು ಇಟಲಿಯ ಪೋ ನದಿಗೆ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ಪಶ್ಚಿಮಘಟ್ಟದಲ್ಲಿ ಹೇಮಾವತಿ ಪೂರ್ವಕ್ಕೂ ನೇತ್ರಾವತಿ ಪಶ್ಚಿಮಕ್ಕೂ ಹರಿಯುವ ಹಾಗೆ.

ಸುರಂಗದ ಆಚೆಯ ಮೊದಲ ನಿಲ್ದಾಣ ಐರೋಲೊ. ‘ಇಳಿಯೋಣ’ ಎಂದೆ. ಈ ಸಲದ ಸರದಿ ನನ್ನದು.

ನಿಲ್ದಾಣದ ಬಳಿಯಲ್ಲೇ ಕಂಚಿನ ದೊಡ್ಡದೊಂದು ಉಬ್ಬುಶಿಲ್ಪ. ಸುರಂಗದ ಕೆಲಸಗಾರರು ಸತ್ತುಹೋದ ತಮ್ಮ ಜೊತೆಗಾರನನ್ನು ಹೊತ್ತುಕೊಂಡು ಬರುತ್ತಿದ್ದಾರೆ. ಬಗ್ಗಿದ ಬೆನ್ನು, ತಗ್ಗಿಸಿದ ತಲೆ. ವಿನ್ಚೆಂಜೊ ವೇಲಾ ಎಂಬ ಶಿಲ್ಪಿ 1882ರಲ್ಲಿ, ಸುರಂಗದಲ್ಲಿ ರೈಲು ಓಡಲು ಶುರುವಾದ ವರ್ಷವೇ, ಇದನ್ನು ಮಾಡಲು ತೊಡಗಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ತಾವಾಗಿಯೇ ಮಾಡಿದರು. ಐವತ್ತು ವರ್ಷದ ನಂತರ, 1932ರಲ್ಲಿ, ಅದರ ಕಂಚಿನ ಪ್ರತಿಯನ್ನು ಇಲ್ಲಿ ನಿಲ್ಲಿಸಿದರು.

ಸುರಂಗದ ಕೆಲಸ ಶುರುವಾದದ್ದು 1872ರಲ್ಲಿ. ಗುತ್ತಿಗೆ ಹಿಡಿದವರು ಲೂಯಿ ಫಾವ್ರ್, ಮೊದಲು ಬಡಗಿಯಾಗಿದ್ದವರು. ಎಂಟು ವರ್ಷದಲ್ಲಿ ಮುಗಿಸುತ್ತೇನೆ, ತಡವಾದರೆ ದಂಡ ಕೊಡುತ್ತೇನೆ ಎಂದು ಸಹಿ ಹಾಕಿದ್ದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಇಟಲಿಯ ಬಡ ಹಳ್ಳಿಗಳವರು. ಆಗ ಹೊಸದಾಗಿ ಬಂದಿದ್ದ ಡೈನಮೈಟ್ ಸಿಡಿಸಿ ಬಂಡೆ ಒಡೆಯಬೇಕು. ಒಳಗೆ ಮೂವತ್ತು ಡಿಗ್ರಿಗೂ ಮೀರಿದ ಸೆಕೆ, ಹೊಗೆ, ದೂಳು, ಎಲ್ಲೆಂದರಲ್ಲಿ ನುಗ್ಗುವ ನೀರು. ಕೊಳಕು ನೀರಿನಲ್ಲಿ ನಿಂತವರ ಮೈಗೆ ಕೊಕ್ಕೆಹುಳು ಸೇರಿ ರಕ್ತಹೀನತೆಯಿಂದ ನರಳಿದರು. 1875ರಲ್ಲಿ ಕೆಲಸಗಾರರು ಗೋಶೆನೆನ್‌ನಲ್ಲಿ ಮುಷ್ಕರ ಹೂಡಿದಾಗ ಗುಂಡು ಹಾರಿಸಲಾಯಿತು, ನಾಲ್ವರು ಸತ್ತರು. ಒಟ್ಟು ಕೆಲಸದಲ್ಲಿ ಸತ್ತವರು ಅಧಿಕೃತ ಲೆಕ್ಕದಂತೆಯೇ ಸುಮಾರು ಇನ್ನೂರು. ರೋಗದಿಂದ ಆಮೇಲೆ ಸತ್ತವರು ಆ ಲೆಕ್ಕದಲ್ಲಿಲ್ಲ.

ಫಾವ್ರ್ ಕೂಡ ಉಳಿಯಲಿಲ್ಲ. 1879ರ ಜುಲೈಯಲ್ಲಿ ಸುರಂಗದೊಳಗೆ ಕೆಲಸ ನೋಡಲು ಹೋದವರು ಅಲ್ಲೇ ಕುಸಿದು ಸತ್ತರು. ವಯಸ್ಸು ಐವತ್ತಮೂರು. ಮುಂದಿನ ವರ್ಷ ಫೆಬ್ರುವರಿ ಕೊನೆಯಲ್ಲಿ ಉತ್ತರದಿಂದ ಕೊರೆದವರೂ ದಕ್ಷಿಣದಿಂದ ಕೊರೆದವರೂ ಬೆಟ್ಟದ ನಡುವೆ ಎದುರಾದರು. ನಡುವಿನ ಗೋಡೆಯಲ್ಲಿ ತೂತು ಬಿದ್ದಾಗ ಅದರ ಮೂಲಕ ಮೊದಲು ದಾಟಿಸಿದ್ದು ಫಾವ್ರ್ ಅವರ ಭಾವಚಿತ್ರ ಇದ್ದ ಡಬ್ಬಿಯನ್ನಂತೆ. ‘ಮೊದಲು ದಾಟಬೇಕಾದವರು ನಮ್ಮ ಯಜಮಾನರು’ ಎಂದು.

ಹದಿನೈದು ಕಿಲೋಮೀಟರಿನಲ್ಲಿ ಎರಡು ಕಡೆಯವರ ಲೆಕ್ಕಕ್ಕೆ ಬಂದ ವ್ಯತ್ಯಾಸ ಎಷ್ಟು ಗೊತ್ತೇ? ಪಕ್ಕಕ್ಕೆ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ! ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿಯವರೆಗೆ ಲೆಡ್ಜರು ತಿರುವಿಹಾಕಿದ ನಾನು ಆ ಸಂಖ್ಯೆಗೆ ಮನಸ್ಸಿನಲ್ಲೇ ಕೈಮುಗಿದೆ.

ನನ್ನ ಹೆಂಡತಿ ಶಿಲ್ಪದ ಮುಂದೆ ಬಹಳ ಹೊತ್ತು ನಿಂತಿದ್ದಳು. ಮುಂದಿನ ರೈಲಿಗೆ ಇನ್ನೂ ಸಮಯವಿತ್ತು.

‘ಅಪ್ಪನೂ ಹೀಗೇ ಬೆನ್ನು ಬಗ್ಗಿಸಿ ಬರುತ್ತಿದ್ದರು, ಸಂಜೆ ಹೊತ್ತು,’ ಎಂದಳು. ‘ಹೆಗಲ ಮೇಲೆ ಸಲಾಕೆ ಇರುತ್ತಿತ್ತು. ಮಳೆಗಾಲದಲ್ಲಿ ರಾತ್ರಿ ಹಳಿ ಕಾಯೋಕೆ ಹೋದರೆ ಅಮ್ಮ ಬಾಗಿಲು ಹಾಕುತ್ತಿರಲಿಲ್ಲ. ಮೊದಲನೇ ರೈಲು ಸದ್ದು ಮಾಡುತ್ತ ಹೋದ ಮೇಲೆ, ಹಳಿ ಸರಿಯಾಗಿದೆ, ಅಪ್ಪನೂ ಸರಿಯಾಗಿದ್ದಾರೆ ಅಂತ ಒಲೆ ಹಚ್ಚುತ್ತಿದ್ದಳು.’

ನಲವತ್ತೈದು ವರ್ಷ ಸಂಸಾರ ಮಾಡಿದ್ದೇನೆ. ಈ ಮಾತನ್ನು ಅವಳು ಹೇಳಿದ್ದು ಅದೇ ಮೊದಲು. ಏನು ಹೇಳಬೇಕೋ ತಿಳಿಯಲಿಲ್ಲ. ಪಕ್ಕದ ನಲ್ಲಿಯಿಂದ ಬಾಟಲಿಗೆ ನೀರು ತುಂಬಿ ತಂದು ಕೊಟ್ಟೆ. ಕುಡಿದಳು. ಬ್ಯಾಗಿನಿಂದ ಪಾಸು ತೆಗೆದು ಒಮ್ಮೆ ನೋಡಿ ಮತ್ತೆ ಒಳಗಿಟ್ಟಳು.

ಕೋಟೆಗೆ ಲಿಫ್ಟು, ಬೆಟ್ಟಕ್ಕೆ ಬಾಣದ ದಾರಿ

ಐರೋಲೊದಿಂದ ಮುಂದೆ ರೈಲು ಮತ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಒಂದೊಂದು ತಿರುವಿಗೂ ಬಿಸಿಲು ಹೆಚ್ಚುತ್ತದೆ. ಬೆಳಿಗ್ಗೆ ಸೇತುವೆಯ ಬಳಿ ಸ್ವೆಟರಿನ ಮೇಲೆ ಶಾಲು ಹೊದ್ದವರು ಬೆಲ್ಲಿಂಜೋನ ಬಂದಾಗ ಎರಡನ್ನೂ ಚೀಲಕ್ಕೆ ತುರುಕಿದೆವು. ಅಲ್ಲಿ ಬೀದಿ ಬದಿಯಲ್ಲಿ ತಾಳೆಯ ಜಾತಿಯ ಮರಗಳಿವೆ! ಊರಿಗೆ ಮೂರು ಕೋಟೆಗಳು. ಆಲ್ಪ್ಸ್ ಪರ್ವತದ ಕಣಿವೆಗೆ ಅಡ್ಡಲಾಗಿ ಬಾಗಿಲು ಹಾಕಿದ ಹಾಗೆ ಕಟ್ಟಿದ್ದಾರೆ. 2000ನೆಯ ಇಸವಿಯಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ಕೋಟೆ ಎಂದ ಕೂಡಲೇ ನನ್ನವಳು ತನ್ನ ಮಂಡಿ ಮುಟ್ಟಿಕೊಂಡಳು. ಆದರೆ ಊರ ನಡುವಿನ ಕೋಟೆಗೆ ಬಂಡೆಯೊಳಗೇ ಲಿಫ್ಟು ಇಟ್ಟಿದ್ದಾರೆ. ಚಿತ್ರದುರ್ಗದ ಕೋಟೆ ಏರಿ ಏದುಸಿರು ಬಿಟ್ಟವರಿಗೆ ಇದು ಮೋಸದ ಹಾಗೆ ಕಾಣಬಹುದು. ನಮಗೆ ಬಹಳ ಒಳ್ಳೆಯ ಮೋಸ ಅನಿಸಿತು. ಮೇಲೆ ಕೋಟೆಯ ಹುಲ್ಲಿನ ಮೇಲೆ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿಂದೆವು. ಲೊಕಾರ್ನೊ ಇನ್ನೂ ಮುಂದಿತ್ತು. ‘ಹೆಸರು ಚೆನ್ನಾಗಿದೆಯಲ್ಲ, ಹೋಗೋದು ಬೇಡವೇ?’ ಎಂದು ಕೇಳಿದೆ. ‘ಹೆಸರು ಕೇಳಿಯಾಯಿತಲ್ಲ’ ಎಂದು ನಕ್ಕಳು.

ಸಂಜೆ ವಾಪಸು ಹೋಗಲು ಎರಡು ದಾರಿ. ಬಂದ ಘಟ್ಟದ ದಾರಿ ಒಂದು. ಇನ್ನೊಂದು ಹೊಸದು. ಅವಳು ಹೊಸದನ್ನು ಆರಿಸಿದಳು.

ಹೊಸ ದಾರಿ ಬೆಟ್ಟ ಹತ್ತುವುದೇ ಇಲ್ಲ. ಬೆಟ್ಟದ ಬುಡದಲ್ಲೇ ಬಾಣ ಬಿಟ್ಟ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. 2016ರಲ್ಲಿ ತೆರೆದ ಈ ಸುರಂಗದ ಉದ್ದ 57 ಕಿಲೋಮೀಟರ್. ಜಗತ್ತಿನಲ್ಲೇ ಅತಿ ಉದ್ದದ ರೈಲು ಸುರಂಗ. ಕೆಲವು ಕಡೆ ತಲೆಯ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆ. ಕೊರೆದದ್ದು ಬಹುಪಾಲು ದೈತ್ಯ ಯಂತ್ರಗಳು. ಎರಡು ಕಡೆಯವರು ಕೂಡಿದಾಗ ಬಂದ ವ್ಯತ್ಯಾಸ ಪಕ್ಕಕ್ಕೆ 8 ಸೆಂಟಿಮೀಟರ್, ಎತ್ತರದಲ್ಲಿ 1 ಸೆಂಟಿಮೀಟರ್. ಇಲ್ಲಿ ಸತ್ತವರು ಒಂಬತ್ತು ಮಂದಿ. ಇನ್ನೂರಕ್ಕೂ ಒಂಬತ್ತಕ್ಕೂ ಬಹಳ ವ್ಯತ್ಯಾಸವಿದೆ, ಅದು ನಿಜವಾದ ಪ್ರಗತಿ. ಆದರೆ ಆ ಒಂಬತ್ತು ಮನೆಗಳಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕಾದವರಿಗೆ ಅದು ಸಣ್ಣ ಸಂಖ್ಯೆಯಲ್ಲ.

ಒಳಗೆ ಸುಮಾರು ಇಪ್ಪತ್ತು ನಿಮಿಷ ಕತ್ತಲೆ. ಕಿಟಕಿಯ ಗಾಜಿನಲ್ಲಿ ಬೆಟ್ಟವಿಲ್ಲ, ಸರೋವರವಿಲ್ಲ. ನಮ್ಮಿಬ್ಬರ ಮುಖ ಮಾತ್ರ. ಸೈತಾನನ ಸೇತುವೆ, ಐರೋಲೊ, ವಾಸೆನ್ ಎಲ್ಲವೂ ಎಲ್ಲೋ ಮೇಲೆ ಉಳಿದವು.

‘ಆ ಚರ್ಚು ಈ ದಾರಿಯಲ್ಲಿ ಒಂದು ಸಲವೂ ಕಾಣಲ್ಲ ಅಲ್ಲವೇ?’ ಎಂದಳು.

‘ಇಲ್ಲ.’

‘ಬೇಗ ಹೋಗುವವರಿಗೆ ಇದು. ನಮ್ಮಂಥವರಿಗೆ ಅದು.’

ಎರಡೂ ಇರಬೇಕು ಎಂದು ನನಗನಿಸಿತು. ಕೆಲಸಕ್ಕೆ, ಆಸ್ಪತ್ರೆಗೆ, ಸರಕು ಸಾಗಿಸಲು ಬೇಗ ಹೋಗುವ ದಾರಿ ಬೇಕು. ಸುಮ್ಮನೆ ಹೋಗುವವರಿಗೆ ಹಳೆಯ ದಾರಿಯನ್ನೂ ಮುಚ್ಚದೆ ಉಳಿಸಿಕೊಂಡಿರುವುದು ಆ ದೇಶದ ದೊಡ್ಡತನ. ಕತ್ತಲಾಗುವ ಹೊತ್ತಿಗೆ ಲುಸರ್ನ್ ತಲುಪಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನ ಮಾಡಿ, ಅಂಗಡಿಯ ಮೊಸರು ಕಲಸಿಕೊಂಡು ಉಂಡೆವು.

ಮಕ್ಕಳೇ, ಇಂಥ ದಿನಕ್ಕೆ ಸ್ವಿಟ್ಜರ್ಲೆಂಡೇ ಆಗಬೇಕೆಂದಿಲ್ಲ. ಮುಂದಿನ ರಜೆಯಲ್ಲಿ ಅಜ್ಜ, ಅಜ್ಜಿಯ ಜೊತೆ ಹಗಲಿನ ರೈಲಿನಲ್ಲಿ ಸಕಲೇಶಪುರದಿಂದ ಘಟ್ಟ ಇಳಿಯಿರಿ. ಕಿಟಕಿ ಪಕ್ಕ ಕೂತು ಸುರಂಗಗಳನ್ನು ಎಣಿಸಿ. ಐವತ್ತು ದಾಟುತ್ತದೆ, ಬೆರಳು ಸಾಲುವುದಿಲ್ಲ. ಕಾರವಾರ, ಕುಮಟಾ, ಭಟ್ಕಳ, ಉಡುಪಿಯ ಮೇಲೆ ಹೋಗುವ ಕೊಂಕಣ ರೈಲಿನಲ್ಲಿ ಹೋದರೂ ಸರಿ. ಆ ಹಳಿ ಹಾಕುವಾಗ ಪ್ರಾಣ ಕಳೆದುಕೊಂಡ ಕೆಲಸಗಾರರಿಗೆ ಮಹಾರಾಷ್ಟ್ರದ ರತ್ನಾಗಿರಿಯಲ್ಲಿ ಸ್ಮಾರಕ ಇದೆ.

ಹಾಗೆ ಹೋಗುವಾಗ ಎಲ್ಲಾದರೂ ರೈಲು ನಿಧಾನವಾದರೆ ಹೊರಗೆ ನೋಡಿ. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಸಲಾಕೆ ಕೈಯಲ್ಲಿ ಹಿಡಿದು, ರೈಲು ಹೋಗಲಿ ಎಂದು ಹಳಿಯಿಂದ ದೂರ ಸರಿದು ನಾಲ್ಕು ಮಂದಿ ನಿಂತಿರುತ್ತಾರೆ. ಅವರಿಗೆ ಕೈಬೀಸಿ. ನನ್ನ ಹೆಂಡತಿ ಚಿಕ್ಕವಳಿದ್ದಾಗಿನಿಂದಲೂ ಬೀಸುತ್ತಾಳೆ. ಬಹಳಷ್ಟು ಸಲ ಅವರೂ ಬೀಸುತ್ತಾರೆ.